ಮಹಾರಾಜರ ಎಡಗಿವಿ

ಊರಿನ ಕಲಾವಿದರನ್ನೆಲ್ಲ ಒಂದೇ ಅಚ್ಚಿಗೆ ಹಾಕಿ ತೆಗೆದಿದ್ದಾರೆ ಎಂಬ ವಿಷಯದಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗಾಯಕರನ್ನೂ ನಾಟಕದವರನ್ನೂ ಸ್ಟುಡಿಯೋಗೆ ಕರೆಸಿ, ಅವರ ಕಲಾಜೀವನದ ಬಗ್ಗೆ ಮಾತಾಡಿಸಿ, ವಾರಕ್ಕೊಮ್ಮೆ ರೇಡಿಯೋದಲ್ಲಿ ಬಿತ್ತರಿಸುವುದು ಅವಳ ಕೆಲಸ. ಯಾರನ್ನು ಕೇಳಿದರೂ ಕಲೆ ಅವರ ಉಸಿರು. ಒಬ್ಬರಿಗಾದರೂ ಅದು ಹೊಟ್ಟೆಪಾಡಾಗಿರಬಾರದೇ, ಮನೆಗೆಲಸ ತಪ್ಪಿಸಿಕೊಳ್ಳುವ ಉಪಾಯವಾಗಿರಬಾರದೇ ಎಂದು ಅವಳು ಕಾದು ಕಾದು ಸುಸ್ತಾಗಿದ್ದಳು. ಉಸಿರಾಡುವುದರಲ್ಲಿ ಅಂಥ ದೊಡ್ಡಸ್ತಿಕೆ ಏನಿದೆಯೋ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಎಮ್ಮೆಯೂ ಉಸಿರಾಡುತ್ತದೆ, ಅದನ್ನು ಯಾರೂ ಸಂದರ್ಶನಕ್ಕೆ ಕರೆಯುವುದಿಲ್ಲ.

ಸ್ಟುಡಿಯೋದಲ್ಲಿ ಅವಳಿಗೆ ಕತ್ತರಿ ಎಂದು ಹೆಸರು ಬಿದ್ದಿತ್ತು. ಬಂದವರು ಗಂಟೆಗಟ್ಟಲೆ ಕೊಚ್ಚಿಕೊಂಡದ್ದನ್ನೆಲ್ಲ ಅವಳು ಆಮೇಲೆ ಕಂಪ್ಯೂಟರಿನ ಮುಂದೆ ಕೂತು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ಒಪ್ಪ ಮಾಡುತ್ತಿದ್ದಳು. ಕೆಮ್ಮು, ತೊದಲು, ಒಣ ವೇದಾಂತ, ಎರಡನೇ ಸಲ ಬಂದ ಉಸಿರು, ಎಲ್ಲಕ್ಕೂ ಒಂದೇ ಗತಿ. ಜನ ಕೇಳಿ ತಲೆದೂಗುತ್ತಿದ್ದರು. ಕಲಾವಿದರಂತೂ ತಾವು ಇಷ್ಟು ಚೆನ್ನಾಗಿ ಮಾತಾಡುತ್ತೇವೆ ಎಂದು ತಮಗೇ ಗೊತ್ತಿರಲಿಲ್ಲ ಎಂದು ಫೋನು ಮಾಡುತ್ತಿದ್ದರು. ಗೊತ್ತಿರಲಿಲ್ಲ ಎನ್ನುವುದೇನೋ ನಿಜವೇ.

ಆ ತಿಂಗಳು ಮೊದಲು ಬಂದವರು ಒಬ್ಬ ಗಾಯಕಿ. ಸೆಕೆಗೆ ಗೋಡೆ ಬೆವರುವಂಥ ಮಧ್ಯಾಹ್ನದಲ್ಲಿ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಕೂತವರೇ ಫ್ಯಾನ್ ನಿಲ್ಲಿಸಿ ಎಂದರು, ಕಿಟಕಿ ಮುಚ್ಚಿ ಎಂದರು, ಬಿಸಿನೀರು ತರಿಸಿ ಎಂದರು. ನೀರು ಬಂದಾಗ ಅದಕ್ಕೆ ಬೆರಳಿಟ್ಟು ನೋಡಿ, ಇಷ್ಟು ಬಿಸಿ ಬೇಡ ಎಂದರು.

"ನಾನು ಹಾಡೋದಿಲ್ಲಮ್ಮ," ಎಂದರು ಆಮೇಲೆ, ಕಣ್ಣು ಅರ್ಧ ಮುಚ್ಚಿ. "ಹಾಡೇ ನನ್ನನ್ನ ಹಾಡಿಸುತ್ತೆ. ಕತ್ತಲಲ್ಲಿ ಕೂತ ರಸಿಕರಿದ್ದಾರಲ್ಲ, ಅವರೇ ನನ್ನ ಸರ್ವಸ್ವ."

ಕತ್ತಲಲ್ಲಿ ಕೂತ ರಸಿಕರು! ಇದು ಉಸಿರಿನ ತಂಗಿ. ಬಂದವರಲ್ಲಿ ಅರ್ಧ ಮಂದಿ ಇದನ್ನು ಹೇಳದೆ ಎದ್ದು ಹೋದವರಲ್ಲ. ಕತ್ತಲು ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಕತ್ತರಿಯ ಬೆರಳು ತುರಿಸಲು ಶುರುವಾಗುತ್ತಿತ್ತು.

ಆಮೇಲೆ ಬಂದವನು ಊರಿನಲ್ಲಿ ಆಗಷ್ಟೇ ಹೆಸರು ಮಾಡುತ್ತಿದ್ದ ಯುವನಟ. ಗಡ್ಡ ಬಿಟ್ಟಿದ್ದ, ಒಳಗೆ ಬಂದ ಮೇಲೂ ಕಪ್ಪು ಕನ್ನಡಕ ತೆಗೆಯಲಿಲ್ಲ. ಮಾತಾಡುವಾಗ ಕತ್ತನ್ನು ಎಡಕ್ಕೆ ವಾಲಿಸಿಕೊಂಡೇ ಮಾತಾಡುತ್ತಿದ್ದ. ಕತ್ತು ಉಳುಕಿದೆಯೇನೋ ಎಂದುಕೊಂಡು ಅವಳು, "ಏನಾಯ್ತು?" ಎಂದಳು.

"ಇದಾ?" ಎಂದು ಅವನು ನಕ್ಕ. "ಇದು ನಿಮ್ಮ ತಂದೆಯವರ ಶೈಲಿ ಅಲ್ವಾ ಮೇಡಂ. ಎಡವಾಲು ಅಂತೀವಿ ನಾವು. ಪಾತ್ರ ತನ್ನೊಳಗಿನ ದನಿ ಕೇಳಿಸಿಕೊಳ್ತಿದೆ ಅನ್ನೋ ಹಾಗೆ. ಆ ಅಂತರ್ಮುಖತೆ ಬರೋಕೆ ನಾನು ವರ್ಷಗಟ್ಟಲೆ ಸಾಧನೆ ಮಾಡಿದೀನಿ."

ಅವಳಿಗೆ ನಗು ತಡೆಯಲಾಗದೆ ಕೆಮ್ಮಿನ ನೆಪದಲ್ಲಿ ಎದ್ದು ಹೊರಗೆ ಹೋಗಬೇಕಾಯಿತು.

ಯಾಕೆಂದರೆ ಆ ಒಳಗಿನ ದನಿ ಯಾರದು ಎಂದು ಅವಳಿಗೆ ಗೊತ್ತಿತ್ತು. ಅದು ಅವಳ ಅಮ್ಮನದು. ಅಪ್ಪ ರಾಜನ ಪಾತ್ರಕ್ಕೆ ಹೆಸರುವಾಸಿ, ಊರೆಲ್ಲ ಅವರನ್ನು ಮಹಾರಾಜರು ಎಂದೇ ಕರೆಯುತ್ತಿತ್ತು. ನಿಲುವಿದೆ, ಕಂಠವಿದೆ, ನಡಿಗೆಯಿದೆ. ಇಲ್ಲದ್ದು ನೆನಪಿನ ಶಕ್ತಿ ಒಂದೇ. ನಾಲ್ಕು ಸಾಲು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಮದುವೆಯಾದಂದಿನಿಂದ ಅಮ್ಮನೇ ಅವರ ಪ್ರಾಂಪ್ಟರು. ರಂಗದ ಎಡಬದಿಯ ಪರದೆ ಸಂದಿಯಲ್ಲಿ ನಿಂತು ಅವಳು ಪಿಸುಗುಟ್ಟುವುದು, ಇವರು ಎಡಗಿವಿ ಕೊಟ್ಟು ಅದನ್ನು ಹಿಡಿದು ಗರ್ಜಿಸುವುದು. ಕಿವಿ ಕೊಟ್ಟೂ ಕೊಟ್ಟೂ ಕತ್ತು ವಾಲಿತು. ವಾಲಿದ ಕತ್ತನ್ನು ಪತ್ರಿಕೆಯವರು ಹೊಗಳಿದರು. ಈಗ ಒಂದು ತಲೆಮಾರಿನ ಹುಡುಗರೇ, ಒಬ್ಬ ಹೆಂಗಸು ಏನಂದಳು ಎಂದು ಕೇಳಿಸಿಕೊಳ್ಳುವ ಭಂಗಿಯನ್ನು ಕಲೆಯೆಂದು ತಿಳಿದು ಕತ್ತು ನೋಯಿಸಿಕೊಳ್ಳುತ್ತಿದ್ದರು. ಪಿಸುಗುಟ್ಟಿದವಳ ಹೆಸರು ಕರಪತ್ರದಲ್ಲೂ ಬರಲಿಲ್ಲ, ಪರದೆ ಎಳೆಯುವವನ ಹೆಸರು ಬರುತ್ತಿತ್ತು.

ಇಷ್ಟಾದರೆ ಹೋಗಲಿ ಎನ್ನಬಹುದಿತ್ತು. ಮನೆಯಲ್ಲೂ ಇದೇ ಕಥೆ. ಚಿಕ್ಕಂದಿನಲ್ಲಿ ಕತ್ತರಿಗೆ ಜ್ವರ ಬಂದು ಮಲಗಿದ್ದರೆ ಬಾಗಿಲ ಹಿಂದಿನಿಂದ ಅಮ್ಮನ ಪಿಸುಮಾತು ಮೊದಲು ಬರುತ್ತಿತ್ತು, ಹೇಗಿದೀಯ ಕೇಳಿ, ಎಂದು. ಆಮೇಲೆ ಅಪ್ಪನ ಕಂಚಿನ ಕಂಠ, "ಹೇಗಿದ್ದೀಯ, ಮಗಳೇ?" ಒಮ್ಮೆ ಶಾಲೆಯಲ್ಲಿ ಬಹುಮಾನ ತಂದು ತೋರಿಸಿದಾಗ ಅಮ್ಮ ಹಿಂದೆ ನಿಂತು ಮೆಲ್ಲಗೆ, "ತಲೆ ಸವರಿ" ಎಂದಿದ್ದಳು. ಮಹಾರಾಜರು ಎದೆಯುಬ್ಬಿಸಿ ಗೋಡೆ ನಡುಗುವಂತೆ "ತಲೆ ಸವರಿ!" ಎಂದರು. ಕೈ ಮಾತ್ರ ಎತ್ತಲಿಲ್ಲ. ಅವಳು ಆಗ ನಕ್ಕಿದ್ದಳು. ದೊಡ್ಡವಳಾದ ಮೇಲೆ ಅದಕ್ಕೆ ನಗು ಬರುತ್ತಿರಲಿಲ್ಲ. ಅಪ್ಪ ತನಗೆ ಆಡಿದ ಒಂದು ಮಾತಾದರೂ ಅಪ್ಪನದೇ ಇತ್ತೇ ಎಂದು ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ.

ಈಗ ಅಮ್ಮ ಅವಳ ಮನೆಯಲ್ಲಿದ್ದಳು. ರಂಗಮಂದಿರದ ಸಮಾರಂಭವೊಂದರಲ್ಲಿ ಮಹಾರಾಜರನ್ನು ವೇದಿಕೆಗೆ ಕರೆದು ಹೊಗಳಿದ್ದರು. ಅಂದು ಅಮ್ಮನನ್ನು ಜನ್ಮದಲ್ಲೇ ಮೊದಲ ಸಲ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪರದೆ ಸಂದಿಯಲ್ಲಿ ಯಾರೂ ಇಲ್ಲ. ನಿಮ್ಮ ಈ ಎತ್ತರಕ್ಕೆ ಕಾರಣ ಯಾರು ಎಂದು ಯಾರೋ ಕೇಳಿದಾಗ ಮಹಾರಾಜರು ಎಡಕ್ಕೆ ವಾಲಿದರು. ಏನೂ ಕೇಳಿಸಲಿಲ್ಲ. ಕೈಗೆ ಸಿಕ್ಕ ಯಾವುದೋ ಹಳೆಯ ನಾಟಕದ ಮಾತನ್ನೇ ಎಸೆದುಬಿಟ್ಟರು: "ಯಾರ ಹಂಗೂ ಇಲ್ಲದೆ ನನ್ನನ್ನು ನಾನೇ ಕಟ್ಟಿದೆ!" ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅಮ್ಮನೂ ಚಪ್ಪಾಳೆ ತಟ್ಟಿದಳಂತೆ. ಮರುದಿನ ಬೆಳಿಗ್ಗೆ ಚೀಲ ಹಿಡಿದು ಮಗಳ ಮನೆ ಬಾಗಿಲಲ್ಲಿ ನಿಂತಿದ್ದಳು.

"ಇನ್ನು ಹೇಳಿಕೊಡಲ್ಲ ಕಣೇ," ಎಂದಳು. "ಅವರೇ, ಯಾರೂ ಹೇಳಿಕೊಡದೆ, ನನ್ನ ವಿಷಯ ಒಂದು ಮಾತು ಆಡಲಿ. ಒಂದೇ ಒಂದು. ಅವತ್ತು ವಾಪಸ್ ಹೋಗ್ತೀನಿ. ಇಲ್ಲಾಂದ್ರೆ ನಿನ್ನ ಮನೆ ಮೂಲೇಲೇ ಬಿದ್ದಿರ್ತೀನಿ, ನಿನಗೆ ಭಾರ ಆದ್ರೆ ಹೇಳು."

"ಅವರ ಬಾಯಲ್ಲಿ ಬರುತ್ತೆ ಅಂತೀಯಾ?"

"ಬರಲ್ಲ," ಎಂದಳು ಅಮ್ಮ. "ಆದ್ರೂ."

ಆ ಆದ್ರೂ ಎಂಬುದಕ್ಕಾಗಿಯೇ ಕತ್ತರಿ ಅಪ್ಪನನ್ನು ಸಂದರ್ಶನಕ್ಕೆ ಕರೆದಳು. ಸ್ಟುಡಿಯೋದಲ್ಲಿ ಪರದೆಯಿಲ್ಲ, ಸಂದಿಯಿಲ್ಲ. ಮೈಕಿನ ಮುಂದೆ ಕೂರಿಸಿ ಅದೇ ಪ್ರಶ್ನೆ ಕೇಳಿದರೆ ಒಂದೋ ಬಾಯಿ ಬಿಡಬೇಕು, ಇಲ್ಲವೋ ಊರ ಮುಂದೆ ಬಣ್ಣ ಬಯಲಾಗಬೇಕು. ಎರಡರಲ್ಲಿ ಯಾವುದಾದರೂ ಅವಳಿಗೆ ಸಂತೋಷವೇ. ಎರಡನೆಯದಾದರೆ ಒಂದು ಕೈ ಹೆಚ್ಚೇ ಸಂತೋಷ.

ನಾನು ಬರಲ್ಲ, ಅವರ ಮುಖ ನೋಡಲ್ಲ ಎಂದು ಅಮ್ಮ ವಾರವಿಡೀ ಹೇಳಿದಳು. ಆ ದಿನ ಬೆಳಿಗ್ಗೆ ಸೀರೆ ಬದಲಾಯಿಸಿ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ಅವರ ಬಿಪಿ ಮಾತ್ರೆ ನನ್ನ ಚೀಲದಲ್ಲೇ ಉಳಿದುಬಿಟ್ಟಿದೆ. ಕೊಟ್ಟು ಬಂದುಬಿಡ್ತೀನಿ."

"ಇಷ್ಟು ದಿನ ನುಂಗದ ಮಾತ್ರೆಯಾ?"

"ಅದಕ್ಕೇ ಕೊಡೋದು."

ಕತ್ತರಿ ಅವಳನ್ನು ಕಂಟ್ರೋಲ್ ರೂಮಿನಲ್ಲಿ, ಯಂತ್ರ ನೋಡಿಕೊಳ್ಳುವವನ ಪಕ್ಕ ಕೂರಿಸಿದಳು. ಆ ಕೋಣೆಗೂ ಸ್ಟುಡಿಯೋಗೂ ನಡುವೆ ದಪ್ಪ ಗಾಜಿನ ಗೋಡೆ. ಒಳಗಿನ ಮಾತು ಅಲ್ಲಿಗೆ ಸ್ಪೀಕರಿನಲ್ಲಿ ಕೇಳಿಸುತ್ತದೆ, ಅಲ್ಲಿಯ ಮಾತು ಒಳಗೆ ಕೇಳಿಸುವುದಿಲ್ಲ.

"ತುಟಿ ಅಲ್ಲಾಡಿಸಕೂಡದು," ಎಂದಳು.

"ನನಗೇನು ಹುಚ್ಚಾ?" ಎಂದಳು ಅಮ್ಮ.

ಮಹಾರಾಜರು ಬಂದರು. ಹೆಂಡತಿಯಿಲ್ಲದ ಮನೆಯಲ್ಲಿ ಸೊರಗಿದ್ದರು, ಅಂಗಿಗೆ ಇಸ್ತ್ರಿ ಇರಲಿಲ್ಲ, ಆದರೂ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಸಭೆ ಎದ್ದು ನಿಂತಿದೆ ಎಂಬಂತೆ ಸುತ್ತ ನೋಡಿಯೇ ಒಳಗೆ ಹೆಜ್ಜೆಯಿಟ್ಟರು. ಕತ್ತರಿ ಅವರನ್ನು ಗಾಜಿಗೆ ಬೆನ್ನು ಮಾಡಿ ಕೂರಿಸಿದಳು. ಅವರಿಗೆ ಸರಿಹೋಗಲಿಲ್ಲ. ಕುರ್ಚಿ ಚುಚ್ಚುತ್ತದೆ ಎಂದರು, ದೀಪ ಕಣ್ಣಿಗೆ ಹೊಡೆಯುತ್ತದೆ ಎಂದರು. ಹೆಂಡತಿ ಬಂದಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಆದರೂ ಹಾಳು ಅಭ್ಯಾಸ, ಎದ್ದು ಆಚೆ ಈಚೆ ಸರಿದು, ಕೊನೆಗೆ ಗಾಜು ಎಡಕ್ಕೆ ಬರುವ ಹಾಗೆ ಕುರ್ಚಿ ತಿರುಗಿಸಿಕೊಂಡು ಕೂತಾಗಲೇ ಅವರ ಜೀವಕ್ಕೆ ಸಮಾಧಾನವಾಯಿತು. ಕತ್ತರಿ ಮೈಕನ್ನು ಅವರ ಬಾಯಿಯ ಕಡೆಗೆ ತಿರುಗಿಸಿದಳು.

ಮೊದಲ ಪ್ರಶ್ನೆಗಳಿಗೆ ನೀರು ಕುಡಿದಂತೆ ಉತ್ತರಿಸಿದರು. ಕಲೆ ಉಸಿರೇ ಎಂದರು. ಬಣ್ಣ ಹಚ್ಚಿದ ಕೂಡಲೇ ತಾನು ತಾನಾಗಿ ಉಳಿಯುವುದಿಲ್ಲ ಎಂದರು. ಬಣ್ಣ ಇಲ್ಲದಾಗ ಯಾರಾಗಿರುತ್ತೀರಿ ಎಂದು ಕತ್ತರಿ ಕೇಳಿದ್ದಕ್ಕೆ ಗಹಗಹಿಸಿ ನಕ್ಕರು. ಪ್ರಶ್ನೆ ಅರ್ಥವಾಗದಿದ್ದಾಗ ನಗಬೇಕು ಎಂದು ಅಮ್ಮ ಯಾವಾಗಲೋ ಹೇಳಿಕೊಟ್ಟದ್ದನ್ನು ಮರೆತಿರಲಿಲ್ಲ.

"ಅಪ್ಪ," ಎಂದಳು ಅವಳು ಕೊನೆಗೆ, ಮೈಕಿಗೆ ಹತ್ತಿರವಾಗಿ. "ರಂಗದ ಮೇಲೆ ನೀವೊಬ್ಬರೇ ಅಲ್ಲ ಇದ್ದದ್ದು. ನಿಮ್ಮ ಜೊತೆ ನಿಂತವರು ಯಾರು?"

ಮಹಾರಾಜರ ಬಾಯಿ ತೆರೆಯಿತು, ಮುಚ್ಚಿತು. ಯಂತ್ರದ ಕೆಂಪು ದೀಪ ಉರಿಯುತ್ತಲೇ ಇತ್ತು. ಹಣೆಯ ಮೇಲೆ ಬೆವರು ಮೂಡಿತು. ಈಗ ಏನೇ ಬಂದರೂ, ಬೆಬ್ಬೆಬ್ಬೆ ಎಂದರೂ ಸರಿಯೇ, ಅದು ಇವರದೇ ಆಗಿರುತ್ತದೆ. ಬರಲಿ, ಇನ್ನೊಂದು ಚೂರು ಒದ್ದಾಡಲಿ, ಎಂದು ಅವಳು ಮನಸ್ಸಿನಲ್ಲೇ ಒತ್ತಾಯಿಸುತ್ತಿದ್ದಳು.

ಮಹಾರಾಜರ ಕತ್ತು ಮೆಲ್ಲಗೆ ಎಡಕ್ಕೆ ವಾಲಿತು. ಗಾಜಿನಾಚೆ ಅಮ್ಮ ಕುರ್ಚಿಯಿಂದ ಎದ್ದು ನಿಂತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು.

ಅವರು ಒಂದು ಕ್ಷಣ ಆ ತುಟಿಗಳನ್ನೇ ನೋಡಿದರು. ಆಮೇಲೆ ಎಂದಿನ ಗರ್ಜನೆ ಬಿಟ್ಟು, ಒಂದೊಂದೇ ಪದವನ್ನು ಬೇರೆ ಬೇರೆಯಾಗಿ ಇಳಿಸಿದರು.

"ಕತ್ತಲಲ್ಲಿ ನಿಂತು ನನ್ನನ್ನು ನೋಡಿಕೊಂಡವರೇ ನನ್ನವರು."

ಕತ್ತಲು ಎಂದು ಕೇಳಿದೊಡನೆ ಕತ್ತರಿಯ ತಲೆ ಕೆಟ್ಟಿತು. ಮುಂದಿನದು ಅವಳ ಕಿವಿಗೆ ಬಿತ್ತೋ ಇಲ್ಲವೋ ಅವಳೇ ಬಲ್ಲಳು. ಮತ್ತೆ ಅದೇ ರಸಿಕರು, ಅದೇ ಪ್ರೇಕ್ಷಕರು, ಅದೇ ಬೂಸಿ! ಅದೂ ಯಾರು ಹೇಳಿಕೊಟ್ಟದ್ದು, ತನ್ನ ಹೆಸರು ಬರಲೆಂದು ಮನೆ ಬಿಟ್ಟು ಬಂದ ಈ ಮಹಾತಾಯಿ. ಕೈಗೆ ಬಂದ ತುತ್ತನ್ನು ತಾನೇ ತಟ್ಟಿ ಬೀಳಿಸಿಕೊಂಡಳಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"ಏನಮ್ಮ ಇದು?" ಎಂದು ಹೊರಗೆ ಬಂದು ಕೇಳಿದಳು.

"ಪಾತ್ರಧಾರಿ ಮಾತು ಮರೆತು ನಿಂತಾಗ ಸುಮ್ನೆ ನೋಡ್ತಾ ಕೂರೋಕಾಗುತ್ತೇನೇ? ನನ್ನ ಕೈಲಿ ಆಗಲಿಲ್ಲ," ಎಂದಳು ಅಮ್ಮ. ಅವಳ ಕೆನ್ನೆ ಕೆಂಪಾಗಿತ್ತು, ಮದುವೆ ಮನೆಯಿಂದ ಬಂದವಳ ಹಾಗಿದ್ದಳು. "ಭಾನುವಾರ ಬರುತ್ತಲ್ಲ ರೇಡಿಯೋದಲ್ಲಿ? ಅವರಿಗೂ ಬರೋಕೆ ಹೇಳು. ಒಟ್ಟಿಗೇ ಕೇಳೋಣ."

ನಾಚಿಕೆ ಎಂಬುದೇ ಇಲ್ಲವಲ್ಲ ಇವರಿಗೆ, ಎಂದುಕೊಂಡಳು ಕತ್ತರಿ. ಮಾತ್ರೆಯ ಡಬ್ಬಿ ಅಪ್ಪನ ಕೈ ಸೇರಿದ್ದನ್ನೂ ಅವಳು ಓರೆಗಣ್ಣಿನಿಂದ ನೋಡಿದಳು.

ಕೆಲಸಕ್ಕೆ ಕೂತಾಗ ಕೈ ತಾನಾಗಿಯೇ ಆ ಜಾಗಕ್ಕೆ ಹೋಯಿತು. ಎರಡನೇ ಸಲ ಕೇಳುವ ಗೋಜಿಗೂ ಹೋಗಲಿಲ್ಲ. ಕತ್ತಲಿನಿಂದ ಹಿಡಿದು ಆ ಸಾಲು ಪೂರ್ತಿ ತೆಗೆದು ಬಿಸಾಕಿದಳು. ಮೌನವನ್ನು ಮಾತ್ರ ಒಂದು ಚೂರೂ ಕಡಿಮೆ ಮಾಡದೆ ಹಾಗೇ ಬಿಟ್ಟಳು. ಪ್ರಶ್ನೆ ಬರುತ್ತದೆ, ಆಮೇಲೆ ಮಹಾರಾಜರ ಏದುಸಿರು, ಆಮೇಲೆ ಏನೂ ಇಲ್ಲ, ಆಮೇಲೆ ಸಂಗೀತ. ಊರು ಕೇಳಿಸಿಕೊಳ್ಳಲಿ. ಹೆಂಡತಿಗೆ ಕೊಡಲು ಈ ಗಂಡಸಿನ ಹತ್ತಿರ ಒಂದು ಮಾತೂ ಇರಲಿಲ್ಲ ಎಂದು ತಿಳಿಯಲಿ. ಇಷ್ಟು ವರ್ಷ ಇವರಿವರ ಬುರುಡೆಗಳನ್ನೆಲ್ಲ ನಯ ಮಾಡಿ ಕಳಿಸಿದ ಮೇಲೆ ಒಂದು ನಿಜವನ್ನಾದರೂ ಹೊರಗೆ ಬಿಟ್ಟೆ ಎಂದು ಅವಳಿಗೆ ಹೆಮ್ಮೆಯಾಯಿತು. ಅಮ್ಮನಿಗಾಗಿಯೇ ಮಾಡಿದೆ ಎಂದೂ ಅನಿಸಿತು. ಅಮ್ಮನಿಗೆ ಮೊದಲೇ ಹೇಳಲಿಲ್ಲ.

ಭಾನುವಾರ ಮಹಾರಾಜರು ಮಗಳ ಮನೆಯ ಸೋಫಾದ ಒಂದು ತುದಿಯಲ್ಲಿ ಕೂತರು, ಅಮ್ಮ ಇನ್ನೊಂದು ತುದಿಯಲ್ಲಿ. ಅಂಗಿಗೆ ಇವತ್ತು ಇಸ್ತ್ರಿ ಇತ್ತು. ಅಮ್ಮ ಯಾವತ್ತೂ ಇಲ್ಲದ್ದು ಟೀ ಲೋಟಗಳಿಗೆ ಸಾಸರು ಇಟ್ಟು ತಂದಿದ್ದಳು. ಕಾರ್ಯಕ್ರಮ ಶುರುವಾದಾಗ ಸೆರಗು ಸರಿಮಾಡಿಕೊಂಡಳು, ಯಾರೋ ನೋಡುತ್ತಾರೆ ಎಂಬ ಹಾಗೆ. ಉಸಿರು ಬಂತು, ಬಣ್ಣ ಬಂತು, ನಗು ಬಂತು. ಜೊತೆ ನಿಂತವರು ಯಾರು ಎಂಬ ಪ್ರಶ್ನೆ ಬಂದಾಗ ಅಮ್ಮ ಸೋಫಾದ ಅಂಚಿಗೆ ಸರಿದಳು. ಅವಳ ತುಟಿ ಸದ್ದಿಲ್ಲದೆ ಅಲ್ಲಾಡಿತು.

ರೇಡಿಯೋ ಸುಮ್ಮನಿತ್ತು. ಏದುಸಿರು ಕೇಳಿಸಿತು. ಆಮೇಲೆ ಸಂಗೀತ ಬಂತು.

ಅಮ್ಮ ರೇಡಿಯೋ ಕೆಟ್ಟಿತೆಂದು ಎದ್ದು ಹೋಗಿ ಅದರ ಮೇಲೊಂದು ತಟ್ಟಿದಳು. ಸಂಗೀತ ನಡೆದೇ ಇತ್ತು.

"ಮಾತು ಎಲ್ಲಿ?" ಎಂದಳು.

"ತೆಗೆದೆ," ಎಂದಳು ಕತ್ತರಿ.

"ತೆಗೆದೆ ಅಂದ್ರೆ?"

"ತೆಗೆದೆ ಅಂದ್ರೆ ತೆಗೆದೆ. ಪ್ರೇಕ್ಷಕರ ಭಜನೆ ಕೇಳಿ ಕೇಳಿ ಸಾಕಾಗಿದೆ. ಯಾರು ಬಂದ್ರೂ ಅದೇ, ಕತ್ತಲಲ್ಲಿ ಕೂತವರು, ಕತ್ತಲಲ್ಲಿ ಕೂತವರು. ನಿನಗಾದ್ರೂ ಬುದ್ಧಿ ಬೇಡ್ವಾ? ನಿನ್ನ ಹೆಸರು ಹೇಳಬೇಕಿದ್ದ ಜಾಗದಲ್ಲಿ ಅವರಿಗೆ ಪ್ರೇಕ್ಷಕರನ್ನ ಹೇಳಿಕೊಟ್ಯಲ್ಲ!"

ಅಮ್ಮ ಮಗಳ ಮುಖವನ್ನೇ ನೋಡಿದಳು. ಅವಳ ದನಿ ಏರಲಿಲ್ಲ, ಜನ್ಮವಿಡೀ ಪಿಸುಗುಟ್ಟಿದವಳಿಗೆ ಏರಿಸಿ ಅಭ್ಯಾಸವಿರಲಿಲ್ಲ.

"ಪ್ರೇಕ್ಷಕರು ಕೂತಿರ್ತಾರೆ ಕಣೇ," ಎಂದಳು. "ನಿಂತಿರೋಳು ನಾನು."

ಕತ್ತರಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಒಂದೊಂದೇ ಪದ ಅವಳ ಕಿವಿಯಲ್ಲಿ ಸರಿಯಾಗಿ ಕೂತಿತು. ಕೂತು ಅಲ್ಲ, ನಿಂತು. ನೋಡಿದವರು ಅಲ್ಲ, ನೋಡಿಕೊಂಡವರು. ಮಂದಿಯ ಮಾತಿನಲ್ಲಿ ಒಂದು ಅಕ್ಷರ ತಪ್ಪಿದರೂ ಹಿಡಿಯುವ ಕಿವಿ ತನ್ನದು ಎಂದು ಅವಳು ಊರೆಲ್ಲ ಮೆರೆದದ್ದೇ ಬಂತು.

"ನಾನು ಹಟ ಹಿಡಿದಿದ್ದೆ, ಹೇಳಿಕೊಡಬಾರದು ಅಂತ," ಅಮ್ಮ ಹೇಳುತ್ತಿದ್ದಳು. "ಅವರ ಮುಖ ನೋಡಿದೆ, ಆಗಲಿಲ್ಲ. ಹೇಗೂ ಹೇಳಿಕೊಡ್ತಿದೀನಿ, ನನ್ನನ್ನೇ ಯಾಕೆ ಹೇಳಿಕೊಡಬಾರದು ಅನ್ನಿಸ್ತು. ಒಂದು ಸಲ. ಅದೂ ಹೆಸರಿಟ್ಟು ಹೇಳೋಕೆ ನಾಚಿಕೆ ಆಯ್ತು. ಅವರು ಹೇಳಿದ್ರು. ನೀನು ತೆಗೆದೆ."

ಕತ್ತರಿ ಅಪ್ಪನ ಕಡೆ ನೋಡಿದಳು, ಅವರಾದರೂ ಏನಾದರೂ ಗುಡುಗಿ ಈ ಹೊತ್ತನ್ನು ದಾಟಿಸಲಿ ಎಂದು. ಮಹಾರಾಜರ ಕತ್ತು ಹೆಂಡತಿಯ ಕಡೆ ವಾಲಿತು. ಅಮ್ಮ ಬೇಕೆಂದೇ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತ ನಿಂತಳು.

ವಾಲಿದ ಕತ್ತು ಮೆಲ್ಲಗೆ ನೆಟ್ಟಗಾಯಿತು.

"ಹೇಳಿಕೊಟ್ಟಾಗಲೇ ಗೊತ್ತಾಯ್ತು ನನಗೆ," ಎಂದರು ಮಹಾರಾಜರು. ಕಂಠ ಅವರದೆನ್ನುವ ಹಾಗಿರಲಿಲ್ಲ, ಸಣ್ಣಗೆ, ಒಡೆದು ಬರುತ್ತಿತ್ತು. "ನಿನ್ನ ವಿಷಯ ಅಂತ. ಅದಕ್ಕೇ... ಅದಕ್ಕೇ ಜೋರು ಮಾಡಲಿಲ್ಲ. ನಿಧಾನಕ್ಕೆ ಹೇಳಿದೆ." ಸ್ವಲ್ಪ ತಡೆದು, "ಸರಿಯಾಗಿ ಹೇಳಿದೆನಾ?" ಎಂದರು.

ಅಮ್ಮ ತಿರುಗಲಿಲ್ಲ.

"ಹೇಳಿದ್ರಿ," ಎಂದಳು.

ಆಮೇಲೆ ಒಳಗೆ ಹೋಗಿ ಚೀಲ ತುಂಬಿಕೊಂಡಳು. ಮಗಳು ಬಾಗಿಲವರೆಗೂ ಹಿಂದೆ ಹಿಂದೆಯೇ ಬಂದಳು. ಆ ಸಾಲು ಇನ್ನೂ ಕಂಪ್ಯೂಟರಿನಲ್ಲಿದೆ, ಎಲ್ಲೂ ಹೋಗಿಲ್ಲ, ಮುಂದಿನ ವಾರ ಮತ್ತೆ ಹಾಕುತ್ತೇನೆ, ಬೇಕಾದರೆ ಅದೊಂದನ್ನೇ ಹಾಕುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದಳು. ಅಳು ಬಂದದ್ದನ್ನು ಅವಳು ಮರೆಮಾಡಲಿಲ್ಲ.

ಅಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತ ತಲೆಯೆತ್ತಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ, ಕೆಲಸ ಬಲ್ಲವರು ಕೆಲಸ ಬಾರದವರನ್ನು ನೋಡುವ ನೋಟವಿತ್ತು.

"ಈ ಸೀನಲ್ಲಿ ತಪ್ಪಿದ ಮಾತನ್ನ ಮುಂದಿನ ಸೀನಲ್ಲಿ ಹೇಳ್ತಾರೇನೇ?" ಎಂದಳು. ಮಹಾರಾಜರ ಎಡಬದಿಗೆ ಬಂದು ಮೆಟ್ಟಿಲಿಳಿದಳು.